ಹೆಣ್ಣಿನ ಕಡೆಯವರಿಗೆ ಫೆಸೆಂಟ್ ಗಸಿ

ಶುಕ್ರವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ನವ್ಯಾಳ ಯೂನಿಫಾರ್ಮ್ ಒಣಹಾಕುತ್ತಿದ್ದೆ. ಒಂದು ತೋಳಿಗೆ ಕ್ಲಿಪ್ ಸಿಕ್ಕಿಸಿದ್ದೆ, ಇನ್ನೊಂದು ತೋಳು ಇನ್ನೂ ನನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಬೆಲ್ ಆಯಿತು.

"ಅಮ್ಮಾ, ಇಟ್ಸ್ ಲತೀಶ್ ಅಂಕಲ್!" ನವ್ಯಾ ಸ್ಟೂಲ್ ಹತ್ತಿ ಬಾಗಿಲಿನ ತೂತಿಗೆ ಕಣ್ಣಿಟ್ಟು ಕೂಗಿದಳು. ನನ್ನ ಮಗಳಿಗೆ ಎಂಟು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಇಷ್ಟು ಬೇಗ ಯಾಕೆ ಬಂದರು? ಪ್ರತಿ ಶುಕ್ರವಾರ ಲತೀಶ್ ಕುವೈಟಿನ ಆಚೆ ತುದಿಯ ಮೀನಾ ಅಬ್ದುಲ್ಲಾದಲ್ಲಿರುವ ಕಂಪೆನಿ ಕ್ಯಾಂಪಿನಿಂದ ಹೊರಟು, ಫಹಾಹೀಲ್ ಮಾರ್ಕೆಟಿನಲ್ಲಿ ಮೀನು ಕೊಂಡು, ಮಧ್ಯಾಹ್ನದ ಜುಮ್ಮಾ ನಮಾಜಿನ ಬಾಂಗ್ ಕೇಳುವ ಹೊತ್ತಿಗೆ ಹವಲ್ಲಿಯ ನಮ್ಮ ಮನೆ ತಲುಪುತ್ತಾರೆ. ನಾನು ಸಾರು ಮಾಡುತ್ತೇನೆ. ಮೂವರೂ ಒಟ್ಟಿಗೆ ಉಣ್ಣುತ್ತೇವೆ.

ಇದು ನವ್ಯಾಳ ಅಪ್ಪ ತೀರಿಕೊಂಡ ಮೇಲೆ ಶುರುವಾದ ರೂಢಿ. ಇಬ್ಬರೂ ಒಂದೇ ಕಂಪೆನಿಯಲ್ಲಿದ್ದರು. ನನ್ನವರು ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದ ದಿನ ನನ್ನ ಮನೆಯ ಬೆಲ್ ಒತ್ತಿದ್ದು ಲತೀಶ್. ಆಮೇಲೆ ಆಸ್ಪತ್ರೆ, ಎಂಬೆಸಿ, ಶಾಲೆಯ ಆಫೀಸಿನಲ್ಲಿ ನನಗೊಂದು ಕೆಲಸ, ಇಲ್ಲಿ ಉಳಿಯಲು ನನ್ನದೇ ಹೆಸರಿನ ಇಕಾಮಾ ಪರವಾನಗಿ, ಎಲ್ಲದಕ್ಕೂ ಓಡಾಡಿದ್ದು ಅವರೇ. ಆಗೆಲ್ಲ ಬಾಯಿ ತುಂಬ "ಅತ್ತಿಗೆ" ಅನ್ನುತ್ತಿದ್ದರು.

ಈ ವರ್ಷದ ಬೇಸಿಗೆ ರಜೆ ಮುಗಿಸಿ ನಾವು ಊರಿನಿಂದ ವಾಪಸು ಬಂದಾಗ ಆ "ಅತ್ತಿಗೆ" ಇರಲಿಲ್ಲ. ಅದರ ಬದಲಿಗೆ ಹೆಸರೂ ಬರಲಿಲ್ಲ. "ಇಲ್ಲಿ ನೋಡಿ", "ಕೇಳಿತಾ", "ಒಂದು ನಿಮಿಷ", ಈಗ ನನ್ನನ್ನು ಕರೆಯುವುದು ಹೀಗೇ. ಬೇಸರವೋ, ದೂರ ಸರಿಯುತ್ತಿದ್ದಾರೋ, ಬೇರೇನೋ? ಪಾತ್ರೆ ತೊಳೆಯುವಾಗಲೆಲ್ಲ ಆ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಪಾತ್ರೆ ಸ್ವಚ್ಛವಾಗಿದೆ, ವಿಷಯ ಸ್ವಚ್ಛವಾಗಿಲ್ಲ.

ಬಾಗಿಲು ತೆರೆದೆ. ಇಸ್ತ್ರಿ ಹಾಕಿದ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು. ಕೈಯಲ್ಲೊಂದು ಚೀಲ, ಚೀಲದಿಂದ ಹೊರಗೆ ಚಾಚಿಕೊಂಡ ಉದ್ದದ ಬಾಲ.

"ಇಲ್ಲಿ ನೋಡಿ, ಇವತ್ತು ಮೀನಿಲ್ಲ."

ಇಣುಕಿದೆ. ನೀಲಿ ಹಸಿರಾಗಿ ಮಿರುಗುವ ಕತ್ತು.

"ಅಯ್ಯೋ ದೇವರೇ, ನವಿಲು!"

"ನವಿಲಲ್ಲ ಮಾರಾಯ್ರೆ..."

"ನಾವು ಸುಬ್ರಹ್ಮಣ್ಯಕ್ಕೆ ಹರಕೆ ಹೇಳುವವರು. ನಾಗನಿಗೆ ಹಾಲಿನ ತನು ಹಾಕುವ ಮನೆಯವರು. ಸ್ವಾಮಿಯ ವಾಹನವನ್ನೇ ಕೊಂದು ತಂದಿದ್ದೀರಲ್ಲ! ಹೊರಗಿಡಿ, ಮೊದಲು ಹೊರಗಿಡಿ!"

"ನನಗೇನು ಸುಬ್ರಹ್ಮಣ್ಯನ ಹೆದರಿಕೆ ಇಲ್ವಾ? ಇದು ಫೆಸೆಂಟ್. ಕೋಳಿಯದ್ದೇ ಜಾತಿ."

"ಕೋಳಿಗೆ ಇಷ್ಟುದ್ದ ಬಾಲ ಎಲ್ಲುಂಟು?"

"ಇದು ಸ್ವಲ್ಪ ಸ್ಟೈಲಿನ ಕೋಳಿ."

ಫೋನ್ ತೆಗೆದು ತೋರಿಸಿದರು. ವಫ್ರಾದಲ್ಲಿ ಅವರ ವೀಸಾದ ಧಣಿ ಕಫೀಲನ ತೋಟ, ದೊಡ್ಡ ಗೂಡು, ಅದರೊಳಗೆ ಮದುಮಕ್ಕಳಂತೆ ಸಿಂಗರಿಸಿಕೊಂಡು ಓಡಾಡುವ ಹಕ್ಕಿಗಳು. ಹುಂಜಗಳು ಹೆಚ್ಚಾಗಿ ಜಗಳ ಶುರುವಾಗಿತ್ತಂತೆ. ಕೆಲವನ್ನು ಕೊಯ್ಯಿಸಿ ಬೇಕಾದವರಿಗೆ ಕೊಟ್ಟರಂತೆ.

"ಅಮ್ಮಾ, ಗೂಗಲ್ ಸೇಸ್ ಪೀಕಾಕ್ ಈಸ್ ಇಟ್ಸ್ ಕಸಿನ್," ಎಂದಳು ನವ್ಯಾ ನನ್ನ ಫೋನ್ ಹಿಡಿದುಕೊಂಡು.

ನಾನು ಲತೀಶ್ ಕಡೆ ನೋಡಿದೆ. ಅವರು ನವ್ಯಾಳ ಕಡೆ ನೋಡಿದರು.

"ಕಸಿನ್‌ಗೆಲ್ಲ ಹರಕೆ ಇಲ್ಲ ಪುಟ್ಟಾ," ಎಂದರು. ನನಗೆ ನಗು ಬಂತು. ನಗು ಬಂದ ಮೇಲೆ ಬೇಡ ಅನ್ನುವುದು ಹೇಗೆ?

ಚೀಲ ಸಿಂಕಿನ ಪಕ್ಕ ಇಟ್ಟು ಅವರು ಗಂಟಲು ಸರಿಮಾಡಿಕೊಂಡರು. "ಇದನ್ನು ಚೆನ್ನಾಗಿ ಮಾಡ್ಬೇಕು. ಮಧ್ಯಾಹ್ನ ಒಬ್ಬರು ಹಿರಿಯರು ಊಟಕ್ಕೆ ಬರ್ತಾರೆ. ಕ್ಯಾಂಪಿನಲ್ಲಿ ಬಡಿಸ್ಲಿಕ್ಕೆ ಆಗುದಿಲ್ಲ, ಹೋಟೆಲಿಗೆ ಕರೆದ್ರೆ ಮರ್ಯಾದೆ ಅಲ್ಲ. ಅದಕ್ಕೆ ಇಲ್ಲಿಗೇ ಹೇಳಿದೆ."

"ಯಾರು?"

"ಹೆಣ್ಣಿನ ಕಡೆಯವರು."

"ಯಾವ ಹೆಣ್ಣು?"

"ನನಗೆ... ಹೆಣ್ಣು ಕೇಳ್ಲಿಕ್ಕುಂಟು." ಕಿವಿಯ ತುದಿ ಬ್ಯಾಡಗಿ ಮೆಣಸಿನ ಬಣ್ಣಕ್ಕೆ ತಿರುಗಿತು. "ಹಿರಿಯರ ಹತ್ರ ಮಾತಾಡುವ ಮೊದಲು ಹೆಸರು ಹೇಳ್ಬಾರದು ಅಂತ ನನ್ನ ಅಮ್ಮನ ಆರ್ಡರ್."

"ಒಳ್ಳೆಯದಾಯ್ತು," ಎಂದೆ.

ನಿಜಕ್ಕೂ ಒಳ್ಳೆಯದೇ. ಇಬ್ಬರು ತಂಗಿಯರ ಮದುವೆ ಮಾಡಿಸುತ್ತ ಮೂವತ್ತೆಂಟು ದಾಟಿದ ಮನುಷ್ಯ. ಅವರಿಗೊಂದು ಮನೆ ಬೇಡವೇ? ಹಾಗಾದರೆ ಬಾಲ್ಕನಿಗೆ ಹೋಗಿ ಯೂನಿಫಾರ್ಮಿನ ಎರಡನೇ ತೋಳು ಹಿಡಿದುಕೊಂಡು ನಾನು ಯಾಕೆ ಅಷ್ಟು ಹೊತ್ತು ನಿಂತೆ? ಒದ್ದೆ ಬಟ್ಟೆ, ತಣ್ಣಗಿನ ಗಾಳಿ, ಕೈ ಮರಗಟ್ಟಿದ್ದೂ ಗೊತ್ತಾಗಲಿಲ್ಲ. ಇನ್ನು ಮುಂದಿನ ಶುಕ್ರವಾರಗಳಲ್ಲಿ ಅವರು ಮೀನು ತೆಗೆದುಕೊಂಡು ಬೇರೊಂದು ಬೆಲ್ ಒತ್ತುತ್ತಾರೆ. ಅಷ್ಟೇ ತಾನೆ.

ಅಷ್ಟೇ ಅಂದುಕೊಂಡಷ್ಟೂ ಅದು ಅಷ್ಟೇ ಆಗಲಿಲ್ಲ.

ಆದರೂ ಒಂದು ನಿರ್ಧಾರ ಮಾಡಿದೆ. ಬರುವವರು ಯಾರೇ ಇರಲಿ, ಈ ಮನೆಯ ಊಟಕ್ಕೆ ಹೆಸರು ಇಡಬಾರದು.

ತೋಟದ ಆಳು ಹೇಳಿ ಕಳುಹಿಸಿದ್ದನಂತೆ: ಬಿಸಿನೀರಿಗೆ ಅದ್ದಬೇಡಿ, ಇದರ ಚರ್ಮ ತೆಳು, ಹರಿಯುತ್ತದೆ. ಲತೀಶ್ ಮತ್ತು ನವ್ಯಾ ನೆಲಕ್ಕೆ ಪೇಪರ್ ಹಾಸಿ ಕುಳಿತು ಒಂದೊಂದೇ ಗರಿ ಕಿತ್ತರು. ನಾನು ಒಲೆಯ ಮುಂದೆ ಮೆಣಸು, ಕೊತ್ತಂಬರಿ, ಮೆಂತ್ಯ ಹುರಿಯುತ್ತಿದ್ದೆ. ಹಿಂದಿನಿಂದ ಪಿಸುಮಾತು ಕೇಳುತ್ತಿತ್ತು. ಮೊದಲು ಅವರದ್ದು, ಆಮೇಲೆ ಅವಳದ್ದು.

ತಿರುಗಿದೆ. ಇಬ್ಬರೂ ಥಟ್ಟನೆ ಹಕ್ಕಿಯ ಮೇಲೆ ಬಗ್ಗಿದರು.

"ಅಮ್ಮಾ, ಕ್ಯಾನ್ ಐ ಆಸ್ಕ್ ಯು ಸಮ್‌ಥಿಂಗ್?"

"ಆಮೇಲೆ ಪುಟ್ಟಾ, ಮೆಣಸು ಕರಟ್ತದೆ."

ಲತೀಶ್ ಹಕ್ಕಿಯನ್ನು ತೊಳೆಯಲು ಎದ್ದು ಬಂದರು. ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಅವರ ಕಿವಿಯ ಮೇಲಿನ ಕೂದಲಿನಲ್ಲಿ ತಾಮ್ರದ ಬಣ್ಣದ ಒಂದು ಸಣ್ಣ ಗರಿ ಸಿಕ್ಕಿಕೊಂಡಿತ್ತು. ನನ್ನ ಕೈ ಅದನ್ನು ತೆಗೆಯಲು ಮೇಲೆದ್ದಿತು. ಅರ್ಧ ದಾರಿಯಲ್ಲಿ, ಇದು ಯಾರದ್ದೋ ಆಗುವ ತಲೆ ಎಂದು ನೆನಪಾಯಿತು. ಅದೇ ಕೈಯಿಂದ ಕಪಾಟಿನ ಅರಿಸಿನದ ಡಬ್ಬಿ ತೆಗೆದೆ.

"ಎಂತ?" ಎಂದರು.

"ಅರಿಸಿನ."

ನನ್ನ ಕೈಯನ್ನೂ ಡಬ್ಬಿಯನ್ನೂ ಒಂದಾದ ಮೇಲೊಂದು ನೋಡಿ ಅವರು ತುಟಿಯೊಳಗೇ ನಕ್ಕರು. ಆ ನಗುವಿಗೆ ಏನು ಅರ್ಥ? ಬೇರೆ ಹೆಣ್ಣು ಕೇಳಲು ಹೊರಟವರು ಹೀಗೆ ನಗುತ್ತಾರಾ?

ಎದೆಯ ಮಾಂಸದಲ್ಲಿ ಕೊಬ್ಬೇ ಇರಲಿಲ್ಲ. ಹೆಚ್ಚು ಬೆಂದರೆ ಕಟ್ಟಿಗೆಯಾಗುತ್ತದೆ ಅನ್ನಿಸಿ ಅದನ್ನು ಬದಿಗಿಟ್ಟೆ. ಕಾಲು, ತೊಡೆಗಳನ್ನು ಮೊದಲು ತೆಂಗಿನೆಣ್ಣೆಯಲ್ಲಿ ಬಾಡಿಸಿ, ತೆಳು ತೆಂಗಿನ ಹಾಲಿನಲ್ಲಿ ಸಣ್ಣ ಉರಿಗೆ ಬಿಟ್ಟೆ. ನಾಟಿ ಕೋಳಿಗಿಂತ ಗಾಢವಾದ, ಕಾಡಿನ ನೆನಪಿರುವ ವಾಸನೆ.

"ಹುಡುಗಿ ನೋಡ್ಲಿಕ್ಕೆ ಹೇಗಿದ್ದಾಳೆ?" ನನ್ನ ಬಾಯಿ ಕೇಳಿಯೇಬಿಟ್ಟಿತು.

"ನೋಡ್ಲಿಕ್ಕೆ ಬಿಡಬೇಕಲ್ಲ. ಯಾವಾಗ ನೋಡಿದ್ರೂ ಬೆನ್ನು ಹಾಕಿ ಎಂತಾದ್ರೂ ಕೆಲಸ ಮಾಡ್ತಿರ್ತಾರೆ."

ಮಾಡ್ತಿರ್ತಾರೆ! ಇಷ್ಟು ಮರ್ಯಾದೆ ಕೊಡಬೇಕಾದರೆ ಟೀಚರೋ ನರ್ಸೋ ಇರಬೇಕು.

"ಅಡುಗೆ ಬರ್ತದಾ?"

"ಬರ್ತದೆ, ಬರ್ತದೆ. ನಾನು ಡಯೆಟ್ ಮಾಡ್ಲಿಕ್ಕೆ ಹೋಗಿ ಎರಡು ಸಲ ಸೋತದ್ದು ಅದಕ್ಕೇ."

ಅಂದರೆ ಅಲ್ಲೂ ಊಟಕ್ಕೆ ಹೋಗುತ್ತಾರೆ. ವಾರದ ಮಧ್ಯದಲ್ಲಿರಬೇಕು.

"ಕೋಪ?"

"ಉಂಟು. ಆದ್ರೆ ಬೈಯುದಿಲ್ಲ, ಪಾತ್ರೆ ಕುಟ್ಟುದು."

"ಪಾಪ, ಅವಳಿಗೂ ಎಷ್ಟು ಕಷ್ಟವೋ," ಎನ್ನುತ್ತ ಮುಚ್ಚಳವನ್ನು ಪಾತ್ರೆಯ ಮೇಲೆ ಕುಟ್ಟಿದೆ. ಲತೀಶಿಗೆ ಕೆಮ್ಮು ಬಂತು. ನೀರು ಕುಡಿಯಲು ಹಾಲ್‌ಗೆ ಹೋದರು. ನೀರಿನ ಬಾಟಲಿ ಅಡುಗೆಮನೆಯಲ್ಲೇ ಇತ್ತು.

ನವ್ಯಾ ನನ್ನ ಚೂಡಿದಾರದ ಅಂಚು ಎಳೆದಳು. "ಅಮ್ಮಾ, ಬಟ್ ಡಿಡ್ ಅಂಕಲ್..."

"ಆಮೇಲೆ ಅಂದೆನಲ್ಲ. ಹೋಗು, ತಟ್ಟೆ ಇಡು."

ಜುಮ್ಮಾ ಮುಗಿದು ಬೀದಿಯಲ್ಲಿ ಕಾರುಗಳ ಹಾರ್ನ್ ಶುರುವಾದಾಗ ಬೆಲ್ ಆಯಿತು. ಸೆರಗು ಇಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವವಳ ಹಾಗೆ ದುಪಟ್ಟಾ ಎಳೆದುಕೊಂಡು ಬಾಗಿಲು ತೆರೆದೆ.

ಬಾಗಿಲಲ್ಲಿ ನಿಂತಿದ್ದದ್ದು ಕಮಲಾಕ್ಷ ಭಾವ. ನವ್ಯಾಳ ಅಪ್ಪನ ಅಣ್ಣ.

"ಎಂತ ಮೋಹಿನಿ, ದೆವ್ವ ನೋಡಿದ ಹಾಗೆ ನಿಂತೆ? ಊಟಕ್ಕೆ ಬರ್ಲಿಕ್ಕೆ ಲತೀಶ ಹೇಳಿದ್ದ, ನಿನಗೆ ಹೇಳ್ಲಿಲ್ವಾ?"

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬ್ನೇದ್ ಅಲ್ ಗಾರ್‌ನಲ್ಲಿ ಒಂಟಿಯಾಗಿರುವ ಭಾವ ಹಬ್ಬಕ್ಕೂ ಕರೆದರೆ ಮಾತ್ರ ಬರುವವರು. ಹಾಗಾದರೆ ಹೆಣ್ಣು ಗೊತ್ತುಮಾಡಿದ್ದು ಭಾವನೇ? ಅವರ ಹೆಂಡತಿಯ ಕಡೆಯ ಯಾರೋ? ನನ್ನ ಮನೆಯವರೇ ಸೇರಿ, ನನ್ನ ಮನೆಯಲ್ಲೇ ಕುಳಿತು? ತಲೆ ಮಸಾಲೆ ಅರೆದ ಮಿಕ್ಸಿಯ ಹಾಗೆ ತಿರುಗಿತು.

ರೊಟ್ಟಿ ಮುರಿದು ಹಾಕಿ, ಮೇಲೆ ಬಿಸಿ ಗಸಿ ಸುರಿದೆ. ಭಾವ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಇದು ಯಾವ ಕೋಳಿ ಮಾರಾಯ್ತಿ?"

"ಪೀಕಾಕ್ಸ್ ಕಸಿನ್," ಎಂದಳು ನವ್ಯಾ. ಭಾವನ ಕೈ ನಿಂತಿತು. ಲತೀಶ್ ಮತ್ತೊಮ್ಮೆ ಫೋನ್ ತೆಗೆದು ತೋಟ ತೋರಿಸಬೇಕಾಯಿತು.

ಅರ್ಧ ಊಟವಾದಾಗ ಭಾವನೇ ಮಾತು ತೆಗೆದರು. "ಫೋನಲ್ಲಿ ಹೆಣ್ಣು ಕೇಳ್ಲಿಕ್ಕುಂಟು ಅಂದೆ. ಯಾರ ಹೆಣ್ಣು ಲತೀಶಾ? ನನಗಿರುವುದು ಎರಡೂ ಗಂಡು."

ಲತೀಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೂದಲಿನ ಗರಿ ಇನ್ನೂ ಅಲ್ಲೇ ಇತ್ತು.

"ಇವರನ್ನು, ಕಮಲಣ್ಣ."

ಇವರು ಎಂದರೆ ಯಾರು ಎಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಫ್ರಿಜ್ ಇತ್ತು.

ಬೆನ್ನು ಹಾಕಿ ಕೆಲಸ ಮಾಡುವವಳು. ಪಾತ್ರೆ ಕುಟ್ಟುವವಳು. ಅಯ್ಯೋ, ಪಾಪ ಎಂದು ನಾನು ಕನಿಕರಪಟ್ಟಿದ್ದು ನನ್ನ ಮೇಲೆಯೇ! ಎದೆಯೊಳಗೆ ಏನೋ ಉಕ್ಕಿ ಬಂತು, ಉರಿ ತಗ್ಗಿಸುವ ಮೊದಲೇ ಹಾಲು ಉಕ್ಕಿದಂತೆ.

ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ನಮ್ಮ ಕ್ರಮದ ಪ್ರಕಾರ ನೀನು ಕೇಳ್ಬೇಕಾದ್ದು ಇವಳ ಸೋದರಮಾವನ ಹತ್ರ. ನಾನು ಗಂಡನ ಮನೆಯವ."

"ಮಾವನ ಹತ್ರ ಕೇಳಿದೆ. ಬೇಸಿಗೆಯಲ್ಲೇ ಫೋನ್ ಮಾಡಿದೆ. ಕುವೈಟಿನಲ್ಲಿ ಅವಳಿಗೆ ಕಮಲಾಕ್ಷನೇ ಹಿರಿಯ, ಅವನು ಹೂಂ ಅಂದ್ರೆ ನಮ್ಮದು ಹೂಂ ಅಂದ್ರು."

ಬೇಸಿಗೆಯಲ್ಲೇ! "ಅತ್ತಿಗೆ" ನಿಂತದ್ದು ಆಗಲೇ.

"ನಿನ್ನ ಅಮ್ಮ?"

"ಕೇಳಿದ್ದೇನೆ. ಒಪ್ಪಿದ್ದಾರೆ."

"ತಂಗಿಯರು?"

"ಅವರ ಗಂಡಂದಿರ ಹತ್ರ ಸಹ ಕೇಳಿದ್ದೇನೆ."

"ಮಗು?"

"ಅವಳ ಹತ್ರ ಇವತ್ತು ಬೆಳಿಗ್ಗೆ ಕೇಳಿದೆ. ಗರಿ ಕೀಳುವಾಗ." ಅವರು ಒಮ್ಮೆ ನವ್ಯಾಳ ಕಡೆ ನೋಡಿದರು. "ಅಪ್ಪನ ಫೋಟೋ ಗೋಡೆಯಲ್ಲೇ ಇರ್ತದಾ ಅಂತ ಕೇಳಿದ್ಳು. ಇರ್ತದೆ ಅಂದೆ. ಹಾಗಾದ್ರೆ ಓಕೆ ಅಂದ್ಳು."

ಭಾವ ಗೋಡೆಯ ಮೇಲಿನ ತಮ್ಮನನ್ನು ನೋಡಿದರು. ಎಡಗೈಯಿಂದ ಕಣ್ಣೊರೆಸಿಕೊಂಡರು. "ನನ್ನದು ಅಡ್ಡಿ ಇಲ್ಲ ಲತೀಶಾ. ಅವನಿಗೂ ಇರ್ಲಿಕ್ಕಿಲ್ಲ."

ಆಮೇಲೆ ಇಬ್ಬರೂ ಹಗುರಾದರು. ರಜೆ ಯಾವಾಗ ಸಿಗುತ್ತದೆ, ಊರಿನಲ್ಲಿಯೋ ಇಲ್ಲಿಯೋ, ದೇವಸ್ಥಾನದಲ್ಲಿ ಸರಳವಾಗಿ ಮುಗಿಸುವುದೋ. ಭಾವ ಇನ್ನೊಂದು ತುಂಡಿಗೆ ತಟ್ಟೆ ಚಾಚಿದರು. ಬಡಿಸಿದೆ. ಲತೀಶಿನ ತಟ್ಟೆಗೂ ಬಡಿಸಿದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಎಲ್ಲ ಪರೀಕ್ಷೆ ಪಾಸಾದ ಹುಡುಗನ ಕಣ್ಣು, ಅಷ್ಟು ಖುಷಿ. ನನಗೂ ಖುಷಿಯೇ. ಮತ್ತೆ ಗಂಟಲಲ್ಲಿ ಇದೇನು ಮುಳ್ಳು? ಫೆಸೆಂಟಿಗೆ ಮೀನಿನ ಮುಳ್ಳು ಇರುವುದಿಲ್ಲವಲ್ಲ.

ಹೂಂ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದು ಕುಳಿತಿತ್ತು. ಆದರೆ ಅದನ್ನು ಇಡಲು ಜಾಗವೇ ಇರಲಿಲ್ಲ. ಇಬ್ಬರು ಗಂಡಸರು ಮಾತಿನಲ್ಲೇ ಏಪ್ರಿಲ್ ತಿಂಗಳ ಮದುವೆಗೆ ಹೋಗಿಯಾಗಿತ್ತು.

"ಕ್ಯಾನ್ ಐ ಆಸ್ಕ್ ನೌ?"

ನವ್ಯಾ ತಟ್ಟೆ ಪಕ್ಕಕ್ಕೆ ಸರಿಸಿದ್ದಳು. ಆಮೇಲೆ ಎನ್ನಲು ನನ್ನ ಬಳಿ ಬೇರೆ ಕೆಲಸ ಉಳಿದಿರಲಿಲ್ಲ.

"ಕೇಳು ಪುಟ್ಟಾ."

ಅವಳು ಬಿಗಿಯಾಗಿ ಕುಳಿತು ಮೊದಲು ದೊಡ್ಡಪ್ಪನನ್ನು, ಆಮೇಲೆ ಲತೀಶ್ ಅಂಕಲನ್ನು ನೋಡಿದಳು. ಈ ಸಲ ಮಾತು ಕನ್ನಡದಲ್ಲೇ ಬಂತು.

"ಅಂಕಲ್ ಊರಿನ ಮಾವನ ಹತ್ರ ಕೇಳಿದ್ರು. ಅವರ ಅಮ್ಮನ ಹತ್ರ ಕೇಳಿದ್ರು. ನನ್ನ ಹತ್ರ, ದೊಡ್ಡಪ್ಪನ ಹತ್ರ, ಎಲ್ಲರ ಹತ್ರ ಕೇಳಿದ್ರು. ಅಮ್ಮನ ಹತ್ರ ಯಾರು ಕೇಳಿದ್ದು?"