ಅಜ್ಜಿ ಬಿಟ್ಟುಹೋದ ಬಿಸಿ

ನಾನು ಶವಾಗಾರದಲ್ಲಿ ಕೆಲಸ ಮಾಡುವವನು. ದೆವ್ವಕ್ಕೆ ಹೆದರಿದರೆ ಹೊಟ್ಟೆ ತುಂಬುವುದಿಲ್ಲ. ವಾರ್ಡಿನಲ್ಲಿ ‘ಎಕ್ಸ್‌ಪೈರ್ ಆದರು’ ಅಂದ ಮರುಗಳಿಗೆಯೇ ಮನುಷ್ಯರ ಹೆಸರು ಹೋಗಿ ‘ಬಾಡಿ’ ಅಂತಾಗುತ್ತದೆ. ನನ್ನ ನಾಲಿಗೆಗೆ ಮಾತ್ರ ಆ ಪದ ಬರುವುದಿಲ್ಲ. ಅಜ್ಜಿ, ಅಣ್ಣ ಅಂತ ಕರೆದು, ಹೇಳಿಯೇ ಮುಟ್ಟುತ್ತೇನೆ.

ಒಂದು ಮಧ್ಯಾಹ್ನ, ಒಬ್ಬ ಅಜ್ಜಿಯನ್ನು ಒಯ್ಯಲು ಬಂದ ವ್ಯಾನಿನ ಡ್ರೈವರ್ ಫ್ರೀಜರಿನ ಬಾಗಿಲು ತೆಗೆದು, “ಬಾಡಿ ಎಳಿ, ಹೊತ್ತಾಯ್ತು” ಅಂದ. ಇಬ್ಬರೂ ಎಳೆದೆವು. ದಿನವೂ ಸಲೀಸಾಗಿ ಜಾರುವ ಟ್ರೇ ಜಪ್ಪಯ್ಯ ಅಂದರೂ ಕದಲಲಿಲ್ಲ.

“ನೀನು ಸ್ವಲ್ಪ ಸುಮ್ನಿರು” ಅಂದು ನಾನು ಬಗ್ಗಿದೆ. “ಅಜ್ಜಿ, ಮನೆಯವರು ಕಾಯ್ತಿದ್ದಾರೆ. ಹೋಗೋಣ್ವಾ?”

ಟ್ರೇ ತಾನಾಗಿಯೇ ಹೊರಬಂತು. ಒಳಗಿನಿಂದ ಬಂದ ಗಾಳಿ ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಡ್ರೈವರ್ ಕಾಲಿನ ಕಡೆ ಹಿಡಿದು, “ಅಮ್ಮ, ಮೆಲ್ಲಗೆ ಎತ್ತುತೀವಿ” ಅಂದ.

ಮೆಕ್ಯಾನಿಕ್ ಬಂದು ನೋಡಿದ. ಫ್ರೀಜರ್ ಸರಿಯಾಗಿಯೇ ಇದೆಯಂತೆ. ಮಿಕ್ಕ ಟ್ರೇಗಳನ್ನು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಈ ಟ್ರೇಯಲ್ಲಿ ಅಜ್ಜಿಯ ಅಂಗೈ ಇದ್ದಷ್ಟು ಜಾಗ ಮಾತ್ರ ಇವತ್ತಿಗೂ ಆರಿಲ್ಲ. ಚಳಿಯ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ, “ಅಜ್ಜಿ, ಒಂದ್ನಿಮಿಷ” ಅಂದು ನಾನು ಅಲ್ಲೇ ಕೈ ಕಾಯಿಸಿಕೊಳ್ಳುತ್ತೇನೆ.