ಕೊನೆಯ ಕುರ್ಚಿಯ ಯಾಳಿನಿ

“ರೀ, ನಿಮ್ಮ ಬೋಲ್ಟ್ ಮತ್ತೆ ಬಿತ್ತು.”

ಯಾಳಿನಿಯ ಎದೆ ಧಸಕ್ಕೆಂದಿತು. ಬೋಲ್ಟ್ ಬಿದ್ದದ್ದಕ್ಕಲ್ಲ, ಒಬ್ಬ ಹುಡುಗ ತನ್ನೊಡನೆ ಮಾತಾಡಿದ್ದಕ್ಕೆ.

ಕೊಯಮತ್ತೂರಿನ ಹೊರವಲಯದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗ ಹುಡುಗಿ ಮಾತಾಡುವುದೆಂದರೆ ಬ್ಯಾಂಕಿಗೆ ಕನ್ನ ಹಾಕಿದ ಹಾಗೆ. ಅವರಿಗೊಂದು ಮೆಟ್ಟಿಲು, ಇವರಿಗೊಂದು ಮೆಟ್ಟಿಲು. ಕ್ಯಾಂಟೀನಿನಲ್ಲಿ ಗಂಡುವಡೆ ಹೆಣ್ಣುವಡೆ ಬೇರೆ ಬೇರೆ ಬಾಣಲೆಯಲ್ಲಿ ಬೇಯುತ್ತಿದ್ದವು ಎಂದರೂ ನೀವು ನಂಬಲೇಬೇಕು. ಸಿಕ್ಕಿಬಿದ್ದರೆ ಕೊರಳಿನ ಐಡಿ ಕಾರ್ಡ್ ಕಿತ್ತುಕೊಂಡು ಅಪ್ಪನಿಗೆ ಫೋನ್ ಹಚ್ಚುತ್ತಿದ್ದರು.

ಆ ಕಾನೂನು ಸೋಲುತ್ತಿದ್ದದ್ದು ಒಂದೇ ಕಡೆ. ಕ್ಯಾಂಪಸ್ ಇಂಟರ್ವ್ಯೂ ದಿನ ಕೋಣೆಯ ಹೊರಗೆ ಹಾಕುವ ಸಾಲುಕುರ್ಚಿಗಳಲ್ಲಿ. ಅಲ್ಲಿ ರೋಲ್ ನಂಬರ್ ಪ್ರಕಾರವೇ ಕೂರಬೇಕು. ರೋಲ್ ನಂಬರಿಗೆ ಗಂಡು ಹೆಣ್ಣು ತಿಳಿಯದಲ್ಲ!

ಇಂಗ್ಲಿಷ್ ಅಕ್ಷರಮಾಲೆಯ ಕೊನೆಕೊನೆಗೆ ಬರುವ ಹೆಸರಿಟ್ಟ ಅಪ್ಪನ ಪುಣ್ಯದಿಂದ ಮೆಕ್ಯಾನಿಕಲ್ ವಿಭಾಗದ ಕಟ್ಟಕಡೆಯ ಕುರ್ಚಿ ಯಾಳಿನಿಯದು. ಅದಕ್ಕೆ ತಾಗಿದ, ಒಂದು ನಂಬರ್ ಮೊದಲಿನ ಕುರ್ಚಿ ವೇಂದನ್‌ನದು. ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕಳೆದಿತ್ತು. ಇಬ್ಬರ ನಡುವೆ ಇದೇ ಮೊದಲ ಮಾತು.

“ಥ್ಯಾಂಕ್ಸ್ ರೀ,” ಎಂದು ಅವಳು ಬೋಲ್ಟನ್ನು ಕಿತ್ತುಕೊಂಡಳು.

ಕೊಯಮತ್ತೂರು ಸುತ್ತಿನ ಈ ಕೊಂಗು ನಾಡಿನವರು ಹಾಗೇ. ಕೊಲೆ ಮಾಡುವಾಗಲೂ “ಸ್ವಲ್ಪ ಕುತ್ತಿಗೆ ಕೊಡ್ರೀ” ಎಂದು ಮರ್ಯಾದೆಯಿಂದ ಕೇಳುವ ಜನ.

“ಎಲ್ಲರೂ ಇಂಟರ್ವ್ಯೂಗೆ ಫೈಲ್ ತರ್ತಾರೆ. ನೀವ್ಯಾಕೆ ಬೋಲ್ಟ್ ತಂದಿದ್ದೀರಿ?” ವೇಂದನ್ ಗೋಡೆ ನೋಡುತ್ತಲೇ ಪಿಸುಗುಟ್ಟಿದ.

ಹೇಳಬಾರದು ಅಂದುಕೊಂಡಳು. ಆದರೆ ಬೆಳಿಗ್ಗೆಯಿಂದ ಸರದಿ ಕಾದು ಕೂತವಳಿಗೆ ಯಾರಾದರೂ ಕೇಳಿದ್ದೇ ಸಾಕಾಗಿತ್ತು.

“ಚಿಕ್ಕವಳಿದ್ದಾಗ ನಮ್ಮ ಅಮ್ಮುಚ್ಚಿಯ ಹಿಟ್ಟು ರುಬ್ಬೋ ಗ್ರೈಂಡರ್ ಬಿಚ್ಚಿಬಿಟ್ಟೆ. ಅಮ್ಮನ ಅಮ್ಮ, ಕೋಪಿಷ್ಠೆ. ಬರೋದ್ರೊಳಗೆ ಮತ್ತೆ ಜೋಡಿಸಿದೆ. ಇದೊಂದು ಉಳೀತು. ಆದ್ರೂ ಗ್ರೈಂಡರ್ ಇವತ್ತಿಗೂ ಓಡ್ತಿದೆ. ಯಾಕೆ ಓಡ್ತಿದೆ ಅಂತ ತಿಳ್ಕೊಳ್ಳೋಕೇ ನಾನು ಮೆಕ್ಯಾನಿಕಲ್‌ಗೆ ಸೇರಿದ್ದು.”

ವೇಂದನ್ ಮೊದಲ ಸಲ ಅವಳ ಕಡೆ ತಿರುಗಿದ. ಆ ನೋಟಕ್ಕೆ ಮೇಲಿನ ಫ್ಯಾನು ಒಂದು ಸುತ್ತು ತಪ್ಪಿಸಿತು. ಕಾರಿಡಾರಿನಲ್ಲಿದ್ದವರು ಕರೆಂಟು ಹೋಗಿದ್ದು ಎನ್ನುತ್ತಾರೆ. ಅವರಿಗೇನು ಗೊತ್ತು.

“ಇದನ್ನೇ ಹೇಳಿ ಒಳಗೆ. ಮಾರಪ್ಪನ್ ಸರ್ ಬಾಯಿಪಾಠ ಮಾಡಿಸಿದ್ದು ಬೇಡ.”

ಮಾರಪ್ಪನ್ ಸರ್ ಅಂದರೆ ಪ್ಲೇಸ್‌ಮೆಂಟ್ ಅಧಿಕಾರಿ. ಎಲ್ಲ ಪ್ರಶ್ನೆಗೂ ಒಂದೊಂದು ಉತ್ತರ ಕುಟ್ಟಿ ಕುಟ್ಟಿ ತಲೆಗಿಳಿಸಿದ್ದರು. ನಿಮ್ಮ ದೌರ್ಬಲ್ಯ? ಕೆಲಸ ಮುಗಿಯುವ ತನಕ ನನಗೆ ನಿದ್ದೆ ಬರದು. ಕ್ಲಾಸಿನಲ್ಲಿ ನಿಮಗಿಂತ ಯೋಗ್ಯರು ಯಾರು? ನಾನು ಯಾರೊಂದಿಗೂ ಹೋಲಿಸಿಕೊಳ್ಳುವುದಿಲ್ಲ. ಕಾಲೇಜಿನ ಕಾಗೆಗಳೂ ಇದನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದವು.

ವೇಂದನ್ ಒಳಗೆ ಹೋದ. ನಗುತ್ತ ಹೊರಬಂದ. “ಹೋಗಿ, ಧೈರ್ಯವಾಗಿ ಹೋಗಿ,” ಎಂದ.

ಒಳಗೆ ಮೂವರು ಕೂತಿದ್ದರು. ಚೆನ್ನೈನ ಕಾರ್ ಬಿಡಿಭಾಗದ ಕಂಪನಿಯವರು. ಹೆಸರು A ಯಿಂದ ಶುರುವಾಗುವವರಿಗೆ ಅವರು ಬಿಸಿ ಕಾಫಿಯೊಡನೆ ನಗು ಕೊಟ್ಟಿದ್ದರು. ಯಾಳಿನಿಗೆ ಉಳಿದದ್ದು ಆಕಳಿಕೆ.

ಅವಳು ಬೋಲ್ಟ್ ಮೇಜಿನ ಮೇಲಿಟ್ಟಳು. “ಸರ್, ನಮ್ಮ ಅಜ್ಜಿ ಮನೇಲಿ ಒಂದು ಗ್ರೈಂಡರ್...”

ಮೂವರೂ ಮುಖ ಮುಖ ನೋಡಿಕೊಂಡರು. ನಡುವೆ ಕೂತಿದ್ದವರು ಕನ್ನಡಕ ತೆಗೆದರು.

“ಈ ಗ್ರೈಂಡರ್ ಕಥೆ ಈಗಷ್ಟೇ ಕೇಳಿದ್ವಮ್ಮಾ. ನೀವಿಬ್ಬರೂ ಹೊರಗೆ ಮಾತಾಡಿಕೊಂಡೇ ಬಂದ್ರಾ?”

“ಸರ್?”

“ಸರಿ, ಹೋಗಿ ಬನ್ನಿ. ತಿಳಿಸ್ತೀವಿ.”

ಆ “ತಿಳಿಸ್ತೀವಿ” ಎಂಬ ಶಬ್ದದ ಅರ್ಥ ಯಾವ ನಿಘಂಟಿನಲ್ಲಿ ಏನಿದ್ದರೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ. ಇಲ್ಲ.

*ನನ್ನ ಕಥೆ... ನನ್ನ ಬಾಯಿಂದಲೇ ಕೇಳಿ, ನನಗಿಂತ ಮುಂಚೆ ಹೋಗಿ...*

ಸಂಜೆ ಫಲಿತಾಂಶ ಬಂತು. ಆಯ್ಕೆಯಾದವರಲ್ಲಿ ಮೊದಲ ಹೆಸರೇ ವೇಂದನ್.

ಮರುದಿನ ಅವನು ಐಡಿ ಕಾರ್ಡಿನ ಭಯ ಬಿಟ್ಟು ಗ್ರಂಥಾಲಯದ ಬಾಗಿಲಲ್ಲಿ ಅಡ್ಡ ನಿಂತ.

“ಯಾಳಿನಿ, ಅವರು ನನ್ನನ್ನ ಕೇಳಿದ್ದೇ ಬೇರೆ. ನಿಮ್ಮ ಕ್ಲಾಸಲ್ಲಿ ನಿಮಗಿಂತ...”

“ಸಾಕು ರೀ. ಕದ್ದಿದ್ದು ಬೋಲ್ಟ್ ಆಗಿದ್ರೆ ಇನ್ನೊಂದು ಕೊಂಡ್ಕೊಳ್ತಿದ್ದೆ. ನೀವು ನನ್ನ ಬಾಯಿಯನ್ನೇ ಕದ್ರಿ.”

ಅವನ ಮುಖ ಬಿಳಚಿಕೊಂಡಿತು. ಮೂಲೆಯಲ್ಲಿ ಮಾರಪ್ಪನ್ ಸರ್ ಕೆಮ್ಮಿದರು. ಆ ಕೆಮ್ಮಿಗೆ ಪಾಲಕ್ಕಾಡಿನ ಗಡಿಯಲ್ಲಿದ್ದ ಜೋಡಿಗಳೂ ಬೇರೆಯಾದವು.

ಅಲ್ಲಿಂದ ಯಾಳಿನಿಯ ಕೇಡುಗಾಲ. ಕಂಪನಿಗಳು ಬಂದವು, ಹೋದವು. ಅವಳಿಗೆ ಬೇಕಿದ್ದದ್ದು ಒಂದೇ, ಕಾರ್ಖಾನೆಯೊಳಗೆ ಯಂತ್ರದ ಪಕ್ಕ ನಿಲ್ಲುವ ಕೆಲಸ. ಒಬ್ಬರು, “ರಾತ್ರಿ ಪಾಳಿ ಇರತ್ತಮ್ಮಾ, ನಿಮ್ಮನೇಲಿ ಬಿಡ್ತಾರಾ?” ಎಂದರು. ಇನ್ನೊಬ್ಬರು, “ಗ್ರೀಸ್ ಕೈಗೆ ಹತ್ತತ್ತೆ, ಆಫೀಸಲ್ಲಿ ಕೂತ್ಕೊಳ್ಳೋದು ನೋಡಿ,” ಎಂದರು. ಮತ್ತೊಬ್ಬರು ಏನೂ ಕೇಳದೆ ಅವಳ ಸರದಿಯ ಹೊತ್ತಿಗೆ ರೈಲಿಗೆ ಹೊತ್ತಾಯಿತೆಂದು ಎದ್ದೇ ಹೋದರು.

ಬೋಲ್ಟಿನ ಕಥೆಯನ್ನು ಅವಳು ಮತ್ತೆ ಹೇಳಲಿಲ್ಲ. ಮಾರಪ್ಪನ್ ಸರ್ ಪಾಠವನ್ನೇ ಒಪ್ಪಿಸಿದಳು. ಕೆಲಸ ಮುಗಿಯುವ ತನಕ ನಿದ್ದೆ ಬರದು ಎಂದಳು. ಕೆಲಸವೇ ಸಿಗದೆ ನಿದ್ದೆ ಬರುತ್ತಿಲ್ಲ ಎಂಬುದನ್ನು ಹೇಳಲಿಲ್ಲ.

ರೂಮಿನ ಗೆಳತಿ ಅಮುದಾಗೆ ಯಾವಾಗಲೋ ಕೆಲಸ ಸಿಕ್ಕಿತ್ತು. ಅವಳು ಉಗುರಿಗೆ ಬಣ್ಣ ಹಚ್ಚುತ್ತ ಬುದ್ಧಿ ಹೇಳುತ್ತಿದ್ದಳು.

“ಹೆಸರು ಬದಲಾಯಿಸ್ಕೊಳ್ಳೇ. ‘ಆಯಾಳಿನಿ’ ಅಂತ ಇಟ್ಕೊ. ಮೊದಲನೇ ಕುರ್ಚಿ.”

“ನಿನ್ನ ತಲೆ.”

“ಹೋಗ್ಲಿ, ಆ ವೇಂದನ್ ನಿನ್ನ ಕಡೆ ನೋಡ್ತಾನೇ ಇರ್ತಾನಲ್ಲ. ಪಾಪ, ಬಡಕಲಾಗಿಬಿಟ್ಟಿದಾನೆ.”

“ಕದ್ದು ತಿಂದದ್ದು ಮೈಗೆ ಹತ್ತಲ್ಲ.”

ಹಾಗೆಂದವಳು ಗೋಡೆಯ ಕಡೆ ತಿರುಗಿ ಮಲಗಿದಳು. *ಅವನೊಬ್ಬನೇ ಕೇಳಿದ್ದು. ನೀವ್ಯಾಕೆ ಬೋಲ್ಟ್ ತಂದಿದ್ದೀರಿ ಅಂತ ಕೇಳಿದವನು ಅವನೊಬ್ಬನೇ. ಅವನೇ ಯಾಕೆ ಹೀಗೆ ಮಾಡಬೇಕಿತ್ತು...*

ಕೊನೆಗೆ ಉಳಿದದ್ದು ಒಂದೇ ಕಂಪನಿ. ಕೊಯಮತ್ತೂರಿನದೇ, ಪಂಪ್ ತಯಾರಿಸುವವರು. ಅದೂ ತಪ್ಪಿದರೆ ತಿರುಪ್ಪೂರಿನಲ್ಲಿ ಸೋದರಮಾವನ ಬನಿಯನ್ ಕಂಪನಿ. “ಎಸಿಯಲ್ಲಿ ಕೂತು ಬನಿಯನ್ ಎಣಿಸಮ್ಮಾ, ಯಂತ್ರಗಿಂತ್ರ ಯಾಕೆ,” ಎಂದು ಮಾವ ಆಗಲೇ ಕುರ್ಚಿ ತರಿಸಿಟ್ಟಿದ್ದ. ಜಗತ್ತಿನ ಬನಿಯನ್ನುಗಳೆಲ್ಲ ಸೇರಿ ತನ್ನನ್ನು ಉಸಿರುಗಟ್ಟಿಸುವ ಕನಸು ಅವಳಿಗೆ ದಿನವೂ ಬೀಳುತ್ತಿತ್ತು.

ಆ ದಿನ ಮತ್ತೆ ಸಾಲುಕುರ್ಚಿ. ಪಕ್ಕದ ಕುರ್ಚಿ ಖಾಲಿ. ಆ ಕಾಲೇಜಿನಲ್ಲಿ ಕೆಲಸ ಸಿಕ್ಕವರು ಮತ್ತೊಂದು ಇಂಟರ್ವ್ಯೂಗೆ ಕೂರುವಂತಿಲ್ಲ. ಬಂದ ಕಂಪನಿಯವರಿಗೆ ಟೀ ಕೊಡುವುದು, ಹೆಸರು ಕೂಗುವುದು ಅವರ ಪಾಲಿನ ಸೇವೆ. ಪಂಪ್ ಕಂಪನಿಯವರ ಟೀ ತಟ್ಟೆ ವೇಂದನ್ ಕೈಯಲ್ಲಿತ್ತು.

ಬೆಳಿಗ್ಗೆಯಿಂದ ಅವನು ಒಳಗೆ ಹೋಗಿ ಬಂದು ಮಾಡುತ್ತಿದ್ದ. ಒಳಗೆ ಏನು ಪರೀಕ್ಷೆ, ಎಲ್ಲಿ ಎಲ್ಲರೂ ಎಡವುತ್ತಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಯಾಳಿನಿಯ ಎದುರು ಬಂದಾಗ ಬಾಯಿ ತೆರೆದ. ಮತ್ತೆ ಮುಚ್ಚಿದ.

“ಏನಾದ್ರೂ ಹೇಳೋದಿದ್ಯಾ ರೀ?” ಅವಳು ಚುಚ್ಚಿದಳು.

“ಇಲ್ಲ.” ಅವನು ತಟ್ಟೆಯ ಲೋಟಗಳನ್ನು ಸರಿಸಿಟ್ಟ. “ಒಂದ್ಸಲ ಹೇಳಿ ಹಾಳು ಮಾಡಿದೀನಿ. ನೀವು ನೀವಾಗೇ ಹೋಗಿ.”

*ಹಾಳು ಮಾಡಿದೀನಿ ಅಂತ ಒಪ್ಕೊಳ್ತಾನೆ, ನಾಚಿಕೆಯಿಲ್ಲ.* ಸಿಟ್ಟು ನೆತ್ತಿಗೇರಿ ಅವಳು ಒಳನಡೆದಳು.

ಒಳಗೆ ಇಬ್ಬರೇ. ಒಬ್ಬರು ಬೋಳುತಲೆಯ ಹಿರಿಯರು, ಇನ್ನೊಬ್ಬರು ಕಾಟನ್ ಸೀರೆಯ ಹೆಂಗಸು. ಮೇಜಿನ ಮೇಲೆ ಬಿಚ್ಚಿಟ್ಟ ಪಂಪು, ಒಂದು ತಟ್ಟೆಯ ತುಂಬ ಬಿಡಿಭಾಗ.

“ಜೋಡಿಸಮ್ಮಾ,” ಎಂದರು ಹಿರಿಯರು.

ಅಷ್ಟೇ. ರಾತ್ರಿ ಪಾಳಿಯ ಪ್ರಶ್ನೆ ಇಲ್ಲ, ದೌರ್ಬಲ್ಯದ ಪ್ರಶ್ನೆ ಇಲ್ಲ. ಯಾಳಿನಿ ದುಪಟ್ಟಾ ಸೊಂಟಕ್ಕೆ ಬಿಗಿದಳು. ಅವಳ ಬೆರಳು ಓಡಿದ ವೇಗಕ್ಕೆ ಸ್ಪ್ಯಾನರ್ ಕಾದು ಕೆಂಪಾಯಿತು ಎಂದರೆ ಸ್ವಲ್ಪ ಹೆಚ್ಚಾಗಬಹುದು, ಬೆಚ್ಚಗಂತೂ ಆಗಿತ್ತು. ಪಂಪು ಸಿದ್ಧವಾಯಿತು.

ತಟ್ಟೆಯ ಮೂಲೆಯಲ್ಲಿ ಒಂದು ಬೋಲ್ಟ್ ಉಳಿದಿತ್ತು.

*ಮತ್ತೆ ಉಳೀತಾ... ಇವತ್ತೇನಾ...* ಇಬ್ಬರೂ ಏನೋ ಬರೆದುಕೊಳ್ಳುತ್ತಿದ್ದರು. ಜೇಬಿಗೆ ಹಾಕಿಕೊಂಡರೆ ಯಾರಿಗೂ ಗೊತ್ತಾಗದು. ತಿರುಪ್ಪೂರಿನ ಕುರ್ಚಿ ಕಣ್ಣ ಮುಂದೆ ಬಂತು. ಬೆರಳು ಬೋಲ್ಟನ್ನು ಮುಟ್ಟಿತು.

ಆದರೆ ಆ ಜೇಬಿನಲ್ಲಿ ಆಗಲೇ ಒಂದಿತ್ತು.

“ಸರ್, ಒಂದು ಉಳಿದಿದೆ.”

ಹಿರಿಯರು ತಲೆ ಎತ್ತಿದರು. “ಅಂದ್ರೆ ತಪ್ಪು ಜೋಡಿಸಿದೀಯಾ?”

“ಪ್ರತಿಯೊಂದು ತೂತನ್ನೂ ನೋಡಿದೆ ಸರ್, ಯಾವುದೂ ಖಾಲಿ ಇಲ್ಲ. ಆದ್ರೆ ಇದು ಎಲ್ಲೀದು ಅಂತ ಗೊತ್ತಾಗೋವರೆಗೂ ಈ ಪಂಪನ್ನ ನಾನು ಹೊರಗೆ ಕಳಿಸಲ್ಲ.”

ಹೆಂಗಸು ಪೆನ್ನು ಕೆಳಗಿಟ್ಟು ನಕ್ಕರು. “ಅದು ಈ ಪಂಪಿನದೇ ಅಲ್ಲ ಕಣಮ್ಮಾ. ನಾವೇ ಹಾಕಿದ್ದು. ಬೆಳಿಗ್ಗೆಯಿಂದ ಒಬ್ಬೊಬ್ಬರೂ ಒಂದೊಂದು ಜೇಬಿಗಿಳಿಸಿ ಹೋದ್ರು. ನಿಮ್ಮ ಕಾಲೇಜಿನ ಹುಡುಗರ ಪ್ಯಾಂಟು ಕೊಡವಿದ್ರೆ ಒಂದು ಸೇತುವೆ ಕಟ್ಬಹುದು. ನೀನ್ಯಾಕೆ ಬಚ್ಚಿಡಲಿಲ್ಲ?”

ಯಾಳಿನಿ ಜೇಬಿನಿಂದ ಹಳೆಯ ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟಳು. ಹೇಳಲಾರೆ ಎಂದುಕೊಂಡಿದ್ದ ಕಥೆಯನ್ನು ಹೇಳಿದಳು. ಕೊನೆಗೆ ಒಂದು ಮಾತು ಸೇರಿಸಿದಳು. “ಅವತ್ತು ಬಚ್ಚಿಟ್ಟೆ. ಅವತ್ತಿಂದ ಅಮ್ಮುಚ್ಚಿ ಗ್ರೈಂಡರ್ ಹತ್ರ ಹೋದಾಗೆಲ್ಲ ನನ್ನ ಜೀವ ಬಾಯಿಗೆ ಬರತ್ತೆ. ಸಾಕು ಸರ್.”

ಹಿರಿಯರು ಹಳೆಯ ಬೋಲ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಕೊನೇ ಪ್ರಶ್ನೆ. ನಿಮ್ಮ ಕ್ಲಾಸಲ್ಲಿ ನಿಮಗಿಂತ ಯೋಗ್ಯರು ಯಾರು?”

ಮಾರಪ್ಪನ್ ಸರ್ ಉತ್ತರ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

*ನಿಮ್ಮ ಕ್ಲಾಸಲ್ಲಿ ನಿಮಗಿಂತ...*

ಗ್ರಂಥಾಲಯದ ಬಾಗಿಲು. ಬಿಳಚಿಕೊಂಡ ಮುಖ. ಅವಳೇ ಕತ್ತರಿಸಿ ಎಸೆದ ಅರ್ಧ ಮಾತು.

“ಸರ್... ಈ ಪ್ರಶ್ನೆ ಎಲ್ಲಾ ಕಂಪನಿಯವರೂ ಕೇಳ್ತಾರಾ?”

“ಹೆಚ್ಚುಕಡಿಮೆ ಎಲ್ಲರೂ. ಯಾಕೆ, ನಿನ್ನನ್ನ ಯಾರೂ ಕೇಳಿಲ್ವಾ?”

ಕೇಳಿರಲಿಲ್ಲ. ಆ ಪ್ರಶ್ನೆ ಬರುವಷ್ಟು ಹೊತ್ತು ಯಾರೂ ಅವಳನ್ನು ಕೂರಿಸಿಕೊಂಡೇ ಇರಲಿಲ್ಲ.

ಹಾಗಾದರೆ ಅವನು ಕಥೆ ಕದಿಯಲಿಲ್ಲ. ನನಗಿಂತ ಯೋಗ್ಯಳು ಹೊರಗೆ ಕೂತಿದ್ದಾಳೆ, ಗ್ರೈಂಡರ್ ಬಿಚ್ಚಿದವಳು ಎಂದು ಅವಳನ್ನು ಹೊಗಳಿ ಬಂದಿದ್ದ. ಪೆದ್ದ! ಅದೇ ಕಥೆ ಮತ್ತೆ ಅವಳ ಬಾಯಲ್ಲಿ ಕೇಳಿದವರಿಗೆ ಇಬ್ಬರೂ ಮಾತಾಡಿಕೊಂಡು ಬಂದಿದ್ದಾರೆ ಅನ್ನಿಸದೆ ಇನ್ನೇನು?

ಬಾಗಿಲು ಸರಿಯಿತು. ಟೀ ತಟ್ಟೆ ಒಳಗೆ ಬಂತು.

“ಈ ಕೆಲಸಕ್ಕೆ ನನಗಿಂತ ಯೋಗ್ಯರು ಇಲ್ಲ ಸರ್,” ಎಂದಳು ಯಾಳಿನಿ, ಹಿಂದೆ ತಿರುಗದೆ. “ಆದ್ರೆ ಒಬ್ಬರಿಗೆ ಇದೇ ಪ್ರಶ್ನೆ ಕೇಳಿದಾಗ ತಮಗೆ ಕೆಲಸ ಬೇಕಿದ್ರೂ ಇನ್ನೊಬ್ಬರ ಹೆಸರು ಹೇಳಿದ್ರು. ಅಷ್ಟು ಒಳ್ಳೇತನ ನನಗಿನ್ನೂ ಬಂದಿಲ್ಲ.”

ಹಿಂದೆ ಲೋಟಗಳೆಲ್ಲ ಒಟ್ಟಿಗೆ ಗಡಗಡ ಸದ್ದು ಮಾಡಿದವು. ಅವಳ ಊಹೆಗೆ ಅದೇ ಉತ್ತರ.

ಸಂಜೆ ಮಾರಪ್ಪನ್ ಸರ್ ಕಾರಿಡಾರಿನಲ್ಲಿ ನಿಂತು ಆಯ್ಕೆಯಾದವರ ಹೆಸರು ಓದಿದರು. ಒಂದೇ ಹೆಸರಿತ್ತು, ಅಕ್ಷರಮಾಲೆಯ ಕೊನೆಯದು. ಅಮುದಾ ಹಾಕಿದ ಕೂಗಿಗೆ ಮರುದಮಲೆ ಬೆಟ್ಟದ ನವಿಲುಗಳು ಹಾರಿಹೋದವು. ಯಾಳಿನಿ ಮಾವನಿಗೆ ಫೋನ್ ಮಾಡಿ, “ಆ ಕುರ್ಚಿ ವಾಪಸ್ ಕೊಟ್ಬಿಡಿ ಮಾಮ,” ಎಂದಷ್ಟೇ ಹೇಳಿದಳು.

ಎಲ್ಲರೂ ಹೋದ ಮೇಲೆ ವೇಂದನ್ ಕುರ್ಚಿ ಎತ್ತಿಡಲು ಬಂದ. ಕಟ್ಟಕಡೆಯ ಕುರ್ಚಿಯಲ್ಲಿ ಅವಳು ಕೂತೇ ಇದ್ದಳು.

“ಕೂತ್ಕೊಳ್ಳಿ,” ಎಂದಳು.

ಅವನು ತನ್ನ ಕುರ್ಚಿಯಲ್ಲಿ ಕೂತ. ಇಬ್ಬರೂ ಗೋಡೆ ನೋಡಿದರು.

“ನನ್ನನ್ನ ಹೊಗಳೋಕೆ ನಿಮಗೆ ಬೇರೆ ಜಾಗ ಸಿಗಲಿಲ್ವಾ ರೀ? ನನ್ನೆದುರೇ ಹೊಗಳಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ.”

“ಮಾತಾಡಿದ್ರೆ ಐಡಿ ಕಾರ್ಡ್ ಹೋಗತ್ತಲ್ಲ.”

“ನಾನು ಇಡೀ ವರ್ಷ ನಿಮ್ಮನ್ನ ಕಳ್ಳ ಅಂದ್ಕೊಂಡೆ. ಒಂದ್ಸಲ ಜಗಳ ಆಡಿ ಹೇಳ್ಬಾರದಿತ್ತಾ?”

“ಹೇಳಿದ್ರೂ ನಿಮ್ಮ ಕೆಲಸ ಹೋಗಿದ್ದು ನನ್ನಿಂದಲೇ ತಾನೇ?” ಎಂದ ಅವನು. “ಮೂರು ವರ್ಷ ಒಂದು ಮಾತಿಗೆ ಕಾದಿದ್ದೆ ಯಾಳಿನಿ. ಸಿಕ್ಕ ಮೊದಲ ಮಾತನ್ನೇ ಹೋಗಿ ಒಳಗೆ ಸುರಿದುಬಿಟ್ಟೆ.”

ಅವಳ ಕಣ್ಣು ಮಂಜಾಯಿತು. ಒಂದು ವರ್ಷದ ಸಿಟ್ಟು ಎಲ್ಲಿಡಬೇಕೆಂದು ತಿಳಿಯದೆ ಬೋಲ್ಟನ್ನು ಮುಷ್ಟಿಯಲ್ಲಿ ಹಿಂಡಿದಳು.

“ಯಾರದು ಅಲ್ಲಿ? ಏನ್ ಮಾತು?” ಕಾರಿಡಾರಿನ ಆ ತುದಿಯಿಂದ ಮಾರಪ್ಪನ್ ಸರ್ ಗುಡುಗಿದರು.

ಯಾಳಿನಿ ಏಳಲಿಲ್ಲ. “ಇಂಟರ್ವ್ಯೂ ಸರ್. ಇನ್ನೂ ಮುಗಿದಿಲ್ಲ.”

ಆಮೇಲೆ ವೇಂದನ್ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿದಳು. “ಹೇಳಿ. ಇನ್ನೈದು ವರ್ಷಕ್ಕೆ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?”

“ಇದೇ ಕುರ್ಚಿಯಲ್ಲಿ,” ಎಂದ ಅವನು. “ಪಕ್ಕದ ಕುರ್ಚಿಯವರು ಬದಲಾಗಬಾರದು, ಅಷ್ಟೇ.”

ಅವಳು ಕಂಪನಿಯವರ ಹಾಗೆ ಮುಖ ಗಂಭೀರ ಮಾಡಿಕೊಂಡಳು.

“ಸರಿ. ತಿಳಿಸ್ತೀವಿ.”

ವೇಂದನ್‌ನ ಮುಖ ಬಾಡಿತು. “ಹಾಗಂದ್ರೆ ಇಲ್ಲ ಅಂತ ತಾನೇ?”

“ಬೇರೆ ಕಂಪನೀಲಿ.” ಅವಳು ಅವನ ಅಂಗೈ ಬಿಡಿಸಿ ಬೋಲ್ಟನ್ನು ಇಟ್ಟು ಬೆರಳು ಮಡಿಸಿದಳು. “ಭಾನುವಾರ ಅಮ್ಮುಚ್ಚಿ ಮನೆಗೆ ಬನ್ನಿ. ಗ್ರೈಂಡರ್ ಬಿಚ್ಚೋಣ. ಈ ಸಲ ಅವಳಿಗೆ ಹೇಳಿಯೇ.”