ಅಜ್ಜಿಯ ಮನೆ ನೋಡಲು ಬಂದವರು

“ಅಡುಗೆಮನೇಲಿ ಇಲಿ ಇದೆ,” ಎಂದಳು ಮಾಬ್ಲಿ. “ಸಣ್ಣದಲ್ಲ, ಬೆಕ್ಕಿನಷ್ಟು ದೊಡ್ಡದು.”

ಮನೆ ಕೊಳ್ಳಲೆಂದು ಮ್ಯಾಂಚೆಸ್ಟರ್‌ನಿಂದ ಬಂದಿದ್ದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮನೆ ತೋರಿಸುತ್ತಿದ್ದ ಏಜೆಂಟ್ ಪ್ರಿಚರ್ಡ್ ಸುಮ್ಮನೆ ಕೆಮ್ಮಿದರು.

“ಮಕ್ಕಳು ನೋಡಿ, ತಮಾಷೆ ಮಾಡ್ತಾರೆ...”

“ತಮಾಷೆ ಅಲ್ಲ. ಸಮುದ್ರ ಉಕ್ಕಿದ್ರೆ ನೀರು ಒಳಗೇ ಬರುತ್ತೆ. ಹೋದ್ವರ್ಷ ನನ್ನ ಶೂ ತೇಲ್ಕೊಂಡು ಹೋಯ್ತು.”

ಎರಡೂ ಸುಳ್ಳು. ಆದರೆ ಹತ್ತೇ ನಿಮಿಷದಲ್ಲಿ ಅವರ ಕಾರು ಬಂದರಿನ ತಿರುವು ದಾಟಿ ಹೋಯಿತು. ಕಿಟಕಿಯಲ್ಲಿ ನಿಂತಿದ್ದ ಮಾಬ್ಲಿ ಒಂದು ಸಲ ಕುಣಿದಳು.

ಸಂಜೆ ಅಮ್ಮ ಬೇಕರಿ ಕೆಲಸ ಮುಗಿಸಿ ಬರುವಷ್ಟರಲ್ಲಿ ಪ್ರಿಚರ್ಡ್ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದರು. ಅಮ್ಮ ಬೈಯಲಿಲ್ಲ. ಕೋಟು ಕೂಡ ಬಿಚ್ಚಲಿಲ್ಲ.

“ನಡಿ. ನೀನು ಮಾಡಿದ್ದನ್ನ ಮಾವನ ಮುಂದೆ ನೀನೇ ಹೇಳು.”

“ಮಾವಂಗ್ಯಾಕೆ?”

“ಅಜ್ಜಿ ಈ ಮನೇನ ನಮ್ಮಿಬ್ರಿಗೂ ಬಿಟ್ಟುಹೋದ್ರು. ಅರ್ಧ ಅವನ್ದು.”

ಐಲಿರ್ ಮಾವ ಏಡಿ ಹಿಡಿಯುವವನು. ಅವನಿದ್ದ ಬಾಡಿಗೆಮನೆಯನ್ನು ಒಡೆಯರು ರಜೆಗೆ ಬರುವವರಿಗೆ ಕೊಡಲು ಶುರುಮಾಡಿದ್ದರು. ಹಾಗಾಗಿ ಮಾವ, ಲೋವ್ರಿ ಅತ್ತೆ, ಮೂವರು ಮಕ್ಕಳು ಅಕ್ಟೋಬರಿನಿಂದ ಗುಡ್ಡದ ಮೇಲಿನ ಕ್ಯಾರವಾನ್ ಪಾರ್ಕಿನಲ್ಲಿ, ಒಂದು ಗಾಲಿಮನೆಯಲ್ಲಿದ್ದರು. ದಿನಾ ಕ್ಯಾರವಾನಿನಲ್ಲೇ ಮಲಗುವುದೆಂದರೆ ಎಷ್ಟು ಮಜಾ ಎಂದು ಮಾಬ್ಲಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಈಗ ಫೆಬ್ರವರಿ, ಕೊರೆಯುವ ಚಳಿ. ಕ್ಯಾರವಾನಿನ ಒಳಗೆ ಕಾಲಿಟ್ಟರೆ ಒದ್ದೆ ಉಣ್ಣೆಯ ವಾಸನೆ. ಗೋಡೆಯ ಮೇಲೆ ನೀರು ಬೆವರಿನಂತೆ ಇಳಿಯುತ್ತಿತ್ತು. ಲೋವ್ರಿ ಅತ್ತೆ ಬಟ್ಟೆ ಹಿಡಿದು ಒರೆಸುತ್ತಿದ್ದಳು. ಪಾಪುವಿನ ಹಾಸಿಗೆಯನ್ನು ಹೀಟರಿಗೆ ಒರಗಿಸಿ ಒಣಗಲು ಇಟ್ಟಿದ್ದರು.

ಮಾಬ್ಲಿ ತಲೆ ತಗ್ಗಿಸಿ ನಡೆದದ್ದೆಲ್ಲ ಹೇಳಿದಳು. ಮಾವ ಹುಬ್ಬೇರಿಸಿದ.

“ಇಲಿ ಅಂತ ಯಾಕೆ ಹೇಳ್ದೆ ಪೆದ್ದಿ? ದೆವ್ವ ಇದೆ ಅನ್ಬೇಕಿತ್ತು. ದೆವ್ವ ಅಂದ್ರೆ ಆ ಪಟ್ಟಣದವ್ರಿಗೆ ಪ್ರಾಣ. ಇನ್ನೂ ಇಪ್ಪತ್ತು ಸಾವಿರ ಪೌಂಡ್ ಜಾಸ್ತಿ ಕೊಡ್ತಿದ್ರು!”

ನಕ್ಕಿದ್ದು ಅವನೊಬ್ಬನೇ. ಅತ್ತೆಯ ತೊಡೆಯ ಮೇಲಿದ್ದ ಪಾಪು ಕೆಮ್ಮಿತು. ಕೆಮ್ಮು ನಿಲ್ಲಲೇ ಇಲ್ಲ. ಮಾವನ ನಗು ನಿಂತಿತು.

“ನೀವೆಲ್ಲ ನಮ್ಮನೆಗೇ ಬಂದ್ಬಿಡಿ ಮಾವ. ಮಾರೋದು ಬೇಡ.”

“ಎರಡು ಕೋಣೇಲಿ ಏಳು ಜನ ಎಲ್ಲಮ್ಮ ಮಲಗೋದು? ಈಸ್ಟರಿಗೆ ಇದನ್ನೂ ಖಾಲಿ ಮಾಡ್ಬೇಕು, ಟೂರಿಸ್ಟ್‌ಗಳು ಬರ್ತಾರೆ. ಅಜ್ಜಿ ಮನೆ ಮಾರಿ ಅರ್ಧರ್ಧ ಹಂಚ್ಕೊಂಡ್ರೆ, ಬೆಟ್ಟದ ಆಚೆ ಅಗ್ಗಕ್ಕೆ ನಿಮಗೊಂದು ನಮಗೊಂದು ಸೂರು ಸಿಗುತ್ತೆ.”

“ಹಾಗಿದ್ರೆ ನಮ್ಮೂರಿನವ್ರಿಗೇ ಮಾರಿ!”

“ನಮ್ಮೂರಿನವ್ರಾ?” ಮಾವ ತನ್ನ ಬಿರುಕುಬಿಟ್ಟ ಕೈಗಳನ್ನು ನೋಡಿಕೊಂಡ. “ನಾನೇ ಅಲ್ವೇನೇ ನಮ್ಮೂರಿನವನು? ನನ್ ಕೈಲೇ ಕೊಳ್ಳೋಕಾಗಲ್ಲ.”

“ಬೆಟ್ಟದ ಆಚೆ ಹೋದ್ರೆ ಮತ್ತೆ ನಿಮ್ಮ ದೋಣಿ?”

ಅತ್ತೆ ಗೋಡೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು.

ಗುಡ್ಡ ಇಳಿಯುವಾಗ ಅಮ್ಮ ಮಾಬ್ಲಿಯ ಕೈ ಹಿಡಿದುಕೊಂಡಳು. ಕೆಳಗಿನ ಬೀದಿಯಲ್ಲಿ ಆರೇಳು ಮನೆಗಳಲ್ಲಷ್ಟೇ ದೀಪ ಇತ್ತು. ಉಳಿದವೆಲ್ಲ ಹೊರಗಿನವರು ಬೇಸಿಗೆಯಲ್ಲಿ ಮಾತ್ರ ಬಂದು ಇರುವ ಮನೆಗಳು.

“ಅಮ್ಮಾ, ನಿಂಗೆ ಹೋಗೋಕೆ ಇಷ್ಟಾನಾ?”

“ನಾನು ಹುಟ್ಟಿದ್ದೇ ಆ ಮನೇಲಿ ಕಣೇ,” ಎಂದಳು ಅಮ್ಮ.

ಶನಿವಾರ ಪ್ರಿಚರ್ಡ್ ಮತ್ತೊಬ್ಬರನ್ನು ಕರೆತಂದರು. ಬರ್ಮಿಂಗ್‌ಹ್ಯಾಮಿನ ಒಬ್ಬ ನಿವೃತ್ತ ಟೀಚರ್. ಮಾಬ್ಲಿ ಮೆಟ್ಟಿಲ ಮೇಲೆ ಕೂತಿದ್ದು ಕಂಡು ಪ್ರಿಚರ್ಡ್ ಅವರ ಮುಖ ಬಿಳಿಚಿಕೊಂಡಿತು.

ಆಕೆ ಕಿಟಕಿಯಿಂದ ಕಡಲು ನೋಡಿದರು. ಗೋಡೆ ಮುಟ್ಟಿ ನೋಡಿದರು. ಆಮೇಲೆ ಮಾಬ್ಲಿಯ ಪಕ್ಕದಲ್ಲಿ ಬಂದು ಕೂತರು.

“ನೀನು ಇಲ್ಲೇ ಇರೋಳಲ್ವಾ? ನಿಜ ಹೇಳು ಮರಿ, ಈ ಮನೇಲಿ ಏನಾದ್ರೂ ತೊಂದರೆ ಇದೆಯಾ?”

ಪ್ರಿಚರ್ಡ್ ಉಸಿರು ಬಿಗಿಹಿಡಿದರು.

ಪಾಪುವಿನ ಕೆಮ್ಮು ಮಾಬ್ಲಿಯ ಕಿವಿಯಲ್ಲೇ ಇತ್ತು.

“ಇಲ್ಲ,” ಎಂದಳು. “ಹಿಂಬಾಗಿಲು ಒಂದು ಮಾತ್ರ. ಮಳೆ ಬಂದ್ರೆ ಉಬ್ಬಿ ಕಚ್ಕೊಂಡ್ಬಿಡುತ್ತೆ.”

“ಹೌದಾ? ಆಗೇನು ಮಾಡ್ಬೇಕು?”

ಮಾಬ್ಲಿ ಆಕೆಯನ್ನು ಅಡುಗೆಮನೆಗೆ ಕರೆದೊಯ್ದಳು. “ಜೋರಾಗಿ ತಳ್ಳಬಾರ್ದು. ಹಿಡಿ ಹಿಡ್ಕೊಂಡು ಸ್ವಲ್ಪ ಮೇಲೆತ್ತಿ. ಹಾಗೇ ಭುಜ ಕೊಡಿ.”

ಆಕೆ ತಳ್ಳಿದರು. ಬಾಗಿಲು ಅಲುಗಲಿಲ್ಲ.

“ಇನ್ನೂ ಸ್ವಲ್ಪ ಎತ್ತಿ,” ಎಂದು ಮಾಬ್ಲಿ ಆಕೆಯ ಕೈಯ ಮೇಲೆ ತನ್ನ ಕೈ ಇಟ್ಟಳು.

ಬಾಗಿಲು ತೆರೆಯಿತು. ಉಪ್ಪುಗಾಳಿ ಒಳಗೆ ನುಗ್ಗಿತು. ಮಾಬ್ಲಿ ಮೆಲ್ಲಗೆ ಕೈ ತೆಗೆದು, ಬಾಗಿಲನ್ನು ಮತ್ತೆ ಎಳೆದು ಮುಚ್ಚಿದಳು.

“ಈಗ ನೀವೊಬ್ರೇ ಮಾಡಿ ನೋಡಿ,” ಎಂದಳು.